ಆನೆಗುಂದಿ: ಹೊಳೆ ದಾಟಿ, ಗುಡ್ಡ ಹತ್ತಿ, ಊರು ನೋಡುವ ಕ್ರಮ

ಹಂಪಿಯ ಮಾತಂಗ ಗುಡ್ಡ ಹತ್ತಿದವರಿಗೆಲ್ಲ ಹೊಳೆಯಾಚೆ ಒಂದು ಬೆಳ್ಳನೆಯ ಗುಡಿ, ಅದಕ್ಕೆ ಸುತ್ತಿಕೊಂಡು ಹೋಗುವ ಸುಣ್ಣ ಬಳಿದ ಮೆಟ್ಟಿಲು ಕಾಣುತ್ತವೆ. ಅದು ಅಂಜನಾದ್ರಿ. ಅದರ ಪೂರ್ವಕ್ಕೆ ಹೊಳೆಯ ದಂಡೆಗೆ ಇರುವ ಊರು ಆನೆಗುಂದಿ. ಕೆಳಗಿಳಿದು ಫೋನಿನಲ್ಲಿ ದಾರಿ ಹುಡುಕಿದರೆ ಹತ್ತಾರು ಕಿಲೋಮೀಟರ್ ತೋರಿಸುತ್ತದೆ. "ಕಣ್ಣಿಗೆ ಇಷ್ಟು ಹತ್ತಿರ ಇದೆ, ಹೋಗೋದು ಹೇಗೆ? ಒಂದು ದಿನ ಸಾಕಾ? ನವಬೃಂದಾವನಕ್ಕೆ ದೋಣಿ ಇದೆಯಾ?" ಮತ್ತೆ ಮತ್ತೆ ಬರುವ ಪ್ರಶ್ನೆಗಳು ಈ ಮೂರೇ.

ಮೂರಕ್ಕೂ ಉತ್ತರ ಹೇಳುವುದು ತುಂಗಭದ್ರೆ. ಹೊಳೆಯಲ್ಲಿ ಎಷ್ಟು ನೀರಿದೆ ಎನ್ನುವುದರ ಮೇಲೆ ನೀವು ಯಾವ ಕಡೆಯಿಂದ ಬರಬೇಕು, ಏನು ಮೊದಲು ನೋಡಬೇಕು, ಏನನ್ನು ಈ ಸಲ ಬಿಡಬೇಕು ಎಲ್ಲ ನಿಂತಿದೆ. ಹೆಚ್ಚಿನವರು ತಾಣಗಳ ಪಟ್ಟಿ ಹಿಡಿದು ಹೊರಡುತ್ತಾರೆ, ಹೊಳೆಯನ್ನು ಕೇಳುವುದಿಲ್ಲ. ಘಾಟಿಗೆ ಬಂದು ಪೆಚ್ಚಾಗಿ ನಿಲ್ಲುವವರು ಇವರೇ.

ಮೊದಲು ಇಷ್ಟು ತಿಳಿದಿರಲಿ

ಆನೆಗುಂದಿ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ. ಎದುರು ದಂಡೆಯ ಹಂಪಿ ಈಗ ವಿಜಯನಗರ ಜಿಲ್ಲೆ. ಅಂದರೆ ಹರಿಗೋಲಿನಲ್ಲಿ ಹತ್ತು ನಿಮಿಷ ಕೂತರೆ ಜಿಲ್ಲೆಯೇ ಬದಲು. ಹಂಪಿಯಲ್ಲಿ ಗೊತ್ತು ಮಾಡಿಕೊಂಡ ಆಟೊ, ಗೈಡು ಈ ಕಡೆ ಬರುತ್ತಾರೆ ಎಂದುಕೊಳ್ಳಬೇಡಿ. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಅದರ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯೊಳಗೆ ಆನೆಗುಂದಿಯೂ ಬರುತ್ತದೆ. ಇಲ್ಲಿ ದೊಡ್ಡ ಹೋಟೆಲು, ಎತ್ತರದ ಕಟ್ಟಡ ಕಾಣದಿರಲು ಅದೂ ಒಂದು ಕಾರಣ.

ಕೆಲವು ಮಾತು ಕಿವಿಗೆ ಬೀಳುತ್ತಲೇ ಇರುತ್ತವೆ. ಹರಿಗೋಲು ಎಂದರೆ ಬಿದಿರ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಕೆಳಗೆ ತಾಡಪಾಲು ಹೊದಿಸಿ ಡಾಂಬರು ಬಳಿದ ದುಂಡು ದೋಣಿ. ಹಿಂದೆ ತಾಡಪಾಲಿನ ಜಾಗದಲ್ಲಿ ತೊಗಲು ಇರುತ್ತಿತ್ತು. ಅಗಸಿ ಎಂದರೆ ಊರಬಾಗಿಲು. ಗಡ್ಡೆ ಎಂದರೆ ಹೊಳೆಯ ನಡುಗಡ್ಡೆ. ಟಂಟಂ ಎಂದರೆ ಜನ ತುಂಬಿಸಿಕೊಂಡು ಹೋಗುವ ದೊಡ್ಡ ಆಟೊ. ಬೃಂದಾವನ ಎಂದರೆ ಇಲ್ಲಿ ಉದ್ಯಾನವಲ್ಲ, ಮಾಧ್ವ ಯತಿಗಳ ಸಮಾಧಿಯ ಮೇಲಿನ ಕಲ್ಲಿನ ಕಟ್ಟೆ. ಅಂಥ ಒಂಬತ್ತು ಇರುವ ಗಡ್ಡೆಯೇ ನವಬೃಂದಾವನ. ಕುಟುಂಬ ಸಮೇತ ಬಂದು "ಗಾರ್ಡನ್ ಎಲ್ಲಿ?" ಎಂದು ಕೇಳುವವರು ಇಂದಿಗೂ ಇದ್ದಾರೆ.

ಜೊತೆಗೆ ಏನಿರಬೇಕು

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು. ಮಾರ್ಚ್‌ನಿಂದ ಮೇವರೆಗೆ ಮೂರು. ಟೋಪಿ ಅಥವಾ ಟವೆಲು. ದಪ್ಪನೆಯ ಹತ್ತಿ ಸಾಕ್ಸು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಹತ್ತು ಗಂಟೆಯ ಮೇಲೆ ಬರಿಗಾಲಲ್ಲಿ ಕಾದ ಬಂಡೆ ತುಳಿದವರಿಗೆ ಅದರ ಬೆಲೆ ಗೊತ್ತು. ಬೆನ್ನಿಗೆ ಹಾಕುವ, ಜಿಪ್ ಇರುವ ಚೀಲ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಕವರು ಅಂಜನಾದ್ರಿಯ ಮಂಗಗಳಿಗೆ ಕೊಟ್ಟ ಆಮಂತ್ರಣ. ನೂರು, ಐವತ್ತರ ಚಿಲ್ಲರೆ ನೋಟುಗಳು, ಏಕೆಂದರೆ ಬಂಡೆಗಳ ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಕಳಿಸಲಾಗದು. ಸರ್ಕಾರಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡಿರಿ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅರ್ಧ ದಿನಕ್ಕಿಂತ ಹೆಚ್ಚು ಇರುವವರು ಒಂದು ಟಾರ್ಚ್ ಇಟ್ಟುಕೊಳ್ಳಿ.

1. ದಿನ ಗೊತ್ತು ಮಾಡಿಕೊಳ್ಳಿ

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆವರೆಗೆ ಒಳ್ಳೆಯ ಕಾಲ. ಹೊಳೆ ಇಳಿದಿರುತ್ತದೆ, ಬಂಡೆ ಕಾದಿರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಉಂಡ ಬಿಸಿಯನ್ನು ಬಂಡೆಗಳು ರಾತ್ರಿ ಹೊರಗೆ ಬಿಡುತ್ತವೆ, ಆದ್ದರಿಂದ ಸಂಜೆಯೂ ತಂಪಾಗುವುದಿಲ್ಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನೋಟಕ್ಕೆ ಎಣೆಯಿಲ್ಲ. ಗಂಗಾವತಿ ಸೀಮೆ ಭತ್ತದ ಕಣಜ; ನಾಟಿಯಾದ ಗದ್ದೆಯ ಹಸಿರು, ನಡುವೆ ಬಾಳೆ ತೋಟ, ಅದರ ಮೇಲೆ ಕೆಂಪು-ಬೂದಿ ಬಂಡೆಗಳು. ಆದರೆ ಹೊಳೆ ನಂಬಲು ಬರುವುದಿಲ್ಲ.

ತಪ್ಪಿಸಬೇಕಾದ ದಿನಗಳೂ ಇವೆ. ಶನಿವಾರ ಅಂಜನಾದ್ರಿಯಲ್ಲಿ ಹನುಮಂತನ ಭಕ್ತರ ದಟ್ಟಣೆ. ಮಾರ್ಗಶಿರ ಮಾಸದಲ್ಲಿ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಹನುಮಮಾಲೆ ವಿಸರ್ಜನೆಗೆ ಮಾಲಾಧಾರಿಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತಾರೆ. ಆ ಎರಡು-ಮೂರು ದಿನ ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಭಕ್ತಿಯಿಂದ ಬರುವವರಿಗೆ ಅದೇ ಸರಿಯಾದ ದಿನ, ಊರು ನೋಡಲು ಬರುವವರಿಗೆ ಅಲ್ಲ. ಹೊಸಪೇಟೆ ಕಡೆಯಿಂದ ಹುಲಿಗಿ ಮೇಲೆ ಬರುವವರು ಹುಣ್ಣಿಮೆ, ಮಂಗಳವಾರ, ಶುಕ್ರವಾರಗಳನ್ನೂ ನೋಡಿಕೊಳ್ಳಬೇಕು. ಹುಲಿಗೆಮ್ಮನ ಗುಡಿಯ ಜನ ರಸ್ತೆಗೆ ಬಂದಿರುತ್ತಾರೆ. ಇನ್ನು ಆನೆಗುಂದಿ ಉತ್ಸವಕ್ಕೆ ಪ್ರತಿವರ್ಷ ಇಂಥದೇ ದಿನ ಎಂದಿಲ್ಲ. ಜಿಲ್ಲಾಡಳಿತ ಘೋಷಿಸಿದಾಗಲೇ ಉಂಟು. ಹಳೆಯ ವರ್ಷದ ದಿನಾಂಕ ನಂಬಿ ರೂಮು ಹಿಡಿಯಬೇಡಿ.

2. ಹೊರಡುವ ಹಿಂದಿನ ದಿನ ಹೊಳೆಯನ್ನು ಕೇಳಿ

ಹಂಪಿ-ಆನೆಗುಂದಿಯ ಮೇಲುಭಾಗದಲ್ಲಿ ತುಂಗಭದ್ರಾ ಅಣೆಕಟ್ಟು ಇದೆ. 33 ಕ್ರಸ್ಟ್ ಗೇಟು, ಪೂರ್ಣ ಮಟ್ಟ 1,633 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಅಚ್ಚು ಹಾಕುತ್ತವೆ. ಎಲ್ಲರೂ ಎಡವುವುದು ಇಲ್ಲೇ: ಮಟ್ಟದ ಅಂಕಿ ನೋಡಿ "ಡ್ಯಾಮ್ ತುಂಬಿದೆ, ದೋಣಿ ಇರಲ್ಲ" ಎನ್ನುತ್ತಾರೆ, ಇಲ್ಲವೇ "ಇನ್ನೂ ತುಂಬಿಲ್ಲ, ದೋಣಿ ಇದೆ" ಎನ್ನುತ್ತಾರೆ. ದೋಣಿಗೆ ಮಟ್ಟದ ಹಂಗಿಲ್ಲ, ನದಿಗೆ ಬಿಟ್ಟ ನೀರಿನ ಹಂಗು. ಹೊರಹರಿವಿನ ಅಂಕಿಯಲ್ಲೂ ಎಡದಂಡೆ-ಬಲದಂಡೆ ಕಾಲುವೆಗಳ ನೀರು ಸೇರಿರಬಹುದು. ಆ ನೀರು ನಿಮ್ಮ ಘಾಟಿಗೆ ಬರುವುದಿಲ್ಲ. "ನದಿಗೆ ಇಷ್ಟು ಕ್ಯೂಸೆಕ್" ಎಂಬ ಸಾಲನ್ನೇ ಹುಡುಕಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹತ್ತಿರ ಹತ್ತಿರ 28 ಲೀಟರ್ ನೀರು.

ಅಂಕಿ ಬೇಡ ಎನ್ನುವವರಿಗೆ ಕಣ್ಣಳತೆಯ ಗುರುತೊಂದಿದೆ. ಹಂಪಿಯ ವಿಠ್ಠಲ ಗುಡಿಯ ಕೆಳಗೆ ಹೊಳೆಗೆ ಅಂಟಿಕೊಂಡು ಪುರಂದರ ಮಂಟಪ ಇದೆ. ಮಂಟಪದೊಳಗೆ ನೀರು ನುಗ್ಗಿದೆ ಎಂಬ ಸುದ್ದಿ ಅಥವಾ ಫೋಟೊ ಬಂದರೆ ದೋಣಿ ಬಂದ್, ನವಬೃಂದಾವನ ಬಂದ್, ಹೊಳೆಯೊಳಗಿನ 64 ಕಂಬದ ಮಂಟಪದ ಕಡೆ ಕಾಲಿಡುವುದೂ ಇಲ್ಲ ಎಂದು ತಿಳಿಯಿರಿ. ಅಂಥ ದಿನ ಗಂಗಾವತಿ ಮೇಲೆ ಬಂದು ಗುಡ್ಡ ಮತ್ತು ಊರು ಮಾತ್ರ ನೋಡಿ. ಅದೇ ಪೂರ್ತಿ ಒಂದು ದಿನವಾಗುತ್ತದೆ.

ಇನ್ನೊಂದು ಎಚ್ಚರ. ಗೇಟು ಎತ್ತಿದರೆ ಕೆಲವೇ ಗಂಟೆಗಳಲ್ಲಿ ಕೆಳಗೆ ನೀರು ಏರುತ್ತದೆ. ಇಲ್ಲಿ ಮಳೆಯ ಹನಿ ಬಿದ್ದಿರಬೇಕೆಂದೇನೂ ಇಲ್ಲ. ಮಲೆನಾಡಿನಲ್ಲಿ ಬಿದ್ದರೆ ಸಾಕು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಹೊಳೆ ರಾತ್ರೋರಾತ್ರಿ ಏರಿತ್ತು. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನಕ್ಕೆ ನಡುಗಡ್ಡೆಯಾಗಬಹುದು. ದಂಡೆಯ ಮೇಲೆ ಕೂತು ಉಣ್ಣುವಾಗ ಪಕ್ಕದ ಕಲ್ಲೊಂದಕ್ಕೆ ನೀರಿನ ಗುರುತು ಇಟ್ಟುಕೊಳ್ಳಿ. ಗುರುತು ಮುಳುಗಿದರೆ ಬುತ್ತಿ ಕಟ್ಟಿ.

3. ಊರು ಮುಟ್ಟುವುದು

ನಾಲ್ಕು ದಾರಿ. ಸುಲಭದ್ದು ಮೊದಲು.

ಗಂಗಾವತಿ ಮೇಲೆ: ಗಂಗಾವತಿ ಬಸ್ ನಿಲ್ದಾಣದಿಂದ ಆನೆಗುಂದಿ ಸುಮಾರು 12 ಕಿ.ಮೀ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಜೊತೆಗೆ ಟಂಟಂ. ಗಂಗಾವತಿಗೆ 2019ರಿಂದ ರೈಲೂ ಇದೆ, ಗಿಣಿಗೇರಾ ಕಡೆಯಿಂದ ಬರುವ ಹೊಸ ಮಾರ್ಗ. ರಾಯಚೂರು, ಸಿಂಧನೂರು, ಕೊಪ್ಪಳದವರಿಗೆ ಇದೇ ದಾರಿ. ಹೊಳೆ ಹೇಗೇ ಇದ್ದರೂ ಇದು ನಿಲ್ಲುವುದಿಲ್ಲ.

ಹೊಸಪೇಟೆಯಿಂದ ಹುಲಿಗಿ, ಸಾಣಾಪುರದ ಮೇಲೆ: ಸ್ವಂತ ಗಾಡಿ ಇದ್ದವರಿಗೆ ಇದು ಒಳ್ಳೆಯದು. ದಾರಿಯುದ್ದ ಗದ್ದೆ, ಕಾಲುವೆ. ಅಂಜನಾದ್ರಿ ಮೊದಲು ಸಿಗುತ್ತದೆ, ಊರು ಆಮೇಲೆ. ಒಂದು ತಾಸು ಇಟ್ಟುಕೊಳ್ಳಿ.

ಕಮಲಾಪುರದಿಂದ ಬುಕ್ಕಸಾಗರ-ಕಡೆಬಾಗಿಲು ಸೇತುವೆ ಮೇಲೆ: ಹಂಪಿ ನೋಡಿ ಕಾರಿನಲ್ಲಿ ಬರುವವರಿಗೆ ಹತ್ತಿರದ್ದು. ಕಡೆಬಾಗಿಲು ಆನೆಗುಂದಿಯ ಪಕ್ಕದ ಊರು. ಈ ಸೇತುವೆ ಬರುವ ಮುನ್ನ ಅಷ್ಟೂ ಜನ ದೊಡ್ಡ ಸುತ್ತು ಹಾಕುತ್ತಿದ್ದರು. ಹಳೆಯ ಮಾಹಿತಿ ಓದಿದವರು ಈಗಲೂ ಹಾಕುತ್ತಾರೆ.

ಹೊಳೆ ದಾಟಿ: ಎರಡು ಕಡೆ. ವಿರೂಪಾಕ್ಷ ಗುಡಿಯ ಹಿಂದಿನ ಘಾಟಿನಿಂದ ವಿರೂಪಾಪುರ ಗಡ್ಡೆಗೆ ಮೋಟಾರು ದೋಣಿ. ಅಥವಾ ವಿಠ್ಠಲ ಗುಡಿಯಾಚೆಯ ತಳವಾರಘಟ್ಟದಿಂದ ನೇರ ಆನೆಗುಂದಿಯ ಅಗಸಿಗೆ. ಗಡ್ಡೆಗೆ ಇಳಿದವರು ಅಲ್ಲಿಂದ ಅಂಜನಾದ್ರಿಗೆ, ಊರಿಗೆ ಆಟೊ ಹಿಡಿಯಬೇಕು. ಗಡ್ಡೆಯ ಮೇಲಿನ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ತೆರವಾದವು. ಹತ್ತು ವರ್ಷದ ಹಿಂದಿನ ನೆನಪಿನಲ್ಲಿ ಊಟ-ವಸತಿ ಹುಡುಕಿಕೊಂಡು ಅಲ್ಲಿ ಇಳಿಯಬೇಡಿ.

ತಳವಾರಘಟ್ಟದ ವಿಷಯಕ್ಕೆ ಒಂದು ಮಾತು. ಇಲ್ಲಿ ಹೊಳೆಗೆ ಅಡ್ಡಲಾಗಿ ಸೇತುವೆ ಕಟ್ಟಲು ಹೊರಟಿದ್ದರು. 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಲು ಸೇತುವೆ ಕೆಲಸವೂ ಕಾರಣವಾಯಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಮತ್ತೆ ಶುರುವಾದ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು. ಫೋನಿನ ನಕಾಶೆ ತಳವಾರಘಟ್ಟದ ಮೇಲೆ ದಾರಿ ತೋರಿಸಿದರೆ ಕಾರು ಅತ್ತ ತಿರುಗಿಸಬೇಡಿ. ಅಲ್ಲಿ ರಸ್ತೆ ನೀರಿಗೆ ಮುಗಿಯುತ್ತದೆ.

ಹರಿಗೋಲು ಹತ್ತುವ ಮುನ್ನ ಮೂರು ಮಾತು ಇತ್ಯರ್ಥ ಮಾಡಿಕೊಳ್ಳಿ: ರೇಟು ತಲೆಗೋ ಪೂರ್ತಿ ಹರಿಗೋಲಿಗೋ, ಒಂದು ದಾರಿಗೋ ಹೋಗಿ-ಬರಲೋ, ಕೊನೆಯ ದೋಣಿ ಎಷ್ಟಕ್ಕೆ. ಜಗಳವೆಲ್ಲ ಹುಟ್ಟುವುದು ಮೊದಲ ಮಾತು ಬಿಟ್ಟಾಗ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಎಲ್ಲರೂ ಕೂತ ಮೇಲೆ ಹರಿಗೋಲಿನ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಇಲ್ಲದಿದ್ದರೆ ಇಳಿದು ಮುಂದಿನದಕ್ಕೆ ಕಾಯಿರಿ. ನಡುಹೊಳೆಯಲ್ಲಿ ಫೋಟೊಗೆ ಎದ್ದು ನಿಲ್ಲಬಾರದು: ದುಂಡು ತಳದ ಬುಟ್ಟಿಗೆ ಒಂದು ಕಡೆ ಭಾರ ಬಿದ್ದರೆ ತಡೆಯಲು ಬೆನ್ನೆಲುಬೇ ಇಲ್ಲ. ಕತ್ತಲಾದ ಮೇಲೆ ಯಾರು ಎಷ್ಟು ಕರೆದರೂ ಹತ್ತಬೇಡಿ. ಮಾರ್ಚ್ ನಂತರ ಉಲ್ಟಾ ಸಮಸ್ಯೆ. ನೀರು ತೆಳುವಾಗಿ ತಳ ಬಂಡೆಗೆ ತಾಗುತ್ತದೆ, ನಡುನಡುವೆ ಇಳಿದು ನಡೆಯಬೇಕಾಗಬಹುದು.

4. ಬೆಳಕು ಹರಿಯುವಾಗ ಅಂಜನಾದ್ರಿ

575 ಮೆಟ್ಟಿಲು. ನಡೆದು ರೂಢಿ ಇದ್ದವರಿಗೆ ಅರ್ಧ ತಾಸು, ಹಿರಿಯರಿಗೆ ಮುಕ್ಕಾಲರಿಂದ ಒಂದು ತಾಸು. ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮೇ ತಿಂಗಳಲ್ಲಿ 6ಕ್ಕೂ ಮುನ್ನ. ಅದಕ್ಕೆ ಅರ್ಧ ತಾಸು ಮೊದಲು ಕೆಳಗಿನ ಮೆಟ್ಟಿಲಲ್ಲಿ ಇರಿ. ಹತ್ತು ಗಂಟೆಗೆ ಹತ್ತಲು ಶುರುಮಾಡುವವರು ಮೂರು ತಪ್ಪು ಒಟ್ಟಿಗೆ ಮಾಡುತ್ತಾರೆ: ಬಿಸಿಲು, ಜನ, ಕಾದ ಮೆಟ್ಟಿಲು.

ಹತ್ತುವಾಗ ಕೆಲವು ಕಡೆ ಮೆಟ್ಟಿಲು ದೊಡ್ಡ ಬಂಡೆಗಳ ಅಡಿಯಲ್ಲಿ ನುಸುಳುತ್ತದೆ. ಎತ್ತರದವರು ತಲೆ ನೋಡಿಕೊಳ್ಳಿ. ಮಂಗಗಳು ಹೆದರುವುದು ಬಿಟ್ಟು ತಲೆಮಾರುಗಳಾಗಿವೆ. ತೆಂಗಿನಕಾಯಿ, ಬಾಳೆಹಣ್ಣು ಚೀಲದೊಳಗೆ ಇರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ. ಎಳೆದಾಡಿದರೆ ಕಚ್ಚುತ್ತವೆ, ಕಚ್ಚಿದರೆ ಸೋಪು-ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಗಂಗಾವತಿಯ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಕೇಳಿ. ನಾಳೆ ನೋಡೋಣ ಎನ್ನುವ ವಿಷಯವಲ್ಲ.

ರಾಮಾಯಣದ ಕಿಷ್ಕಿಂಧೆ ಇದೇ, ಆಂಜನೇಯ ಹುಟ್ಟಿದ್ದು ಈ ಗುಡ್ಡದಲ್ಲೇ ಎಂಬುದು ಇಲ್ಲಿನ ನಂಬಿಕೆ. ದರ್ಶನವಾದ ಮೇಲೆ ತಕ್ಷಣ ಇಳಿಯಬೇಡಿ. ಗುಡಿಯ ಹಿಂದಿನ ಬಂಡೆಯ ಮೇಲಿಂದ ಹೊಳೆ ತಿರುಗುವ ಪರಿ, ಗದ್ದೆಗಳ ಚೌಕ, ಎದುರಿಗೆ ಹಂಪಿಯ ಗೋಪುರ ಒಂದೇ ನೋಟಕ್ಕೆ ಸಿಗುತ್ತವೆ. ಈ ಊರು ಎಲ್ಲಿ, ಯಾಕೆ ಕಟ್ಟಿದರು ಎನ್ನುವುದು ಇಲ್ಲಿ ನಿಂತರೆ ಪುಸ್ತಕವಿಲ್ಲದೆ ತಿಳಿಯುತ್ತದೆ: ಮೂರು ಕಡೆ ಆನೆಯೂ ಹತ್ತಲಾರದ ಬಂಡೆ, ನಾಲ್ಕನೆಯ ಕಡೆ ಹೊಳೆ. ಸುಣ್ಣದ ಮೆಟ್ಟಿಲು ಬಿಟ್ಟು ಅಡ್ಡದಾರಿಯಲ್ಲಿ ಇಳಿಯುವ ಹುಮ್ಮಸ್ಸು ಬೇಡ. ಸುತ್ತಲಿನ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.

5. ಪಂಪಾಸರೋವರ, ದುರ್ಗಾ ಗುಡಿ

ಅಂಜನಾದ್ರಿಯಿಂದ ಊರಿಗೆ ಬರುವಾಗ ರಸ್ತೆಯಿಂದ ಸ್ವಲ್ಪ ಒಳಗೆ ಪಂಪಾಸರೋವರ. ಚಿಕ್ಕ ಕೊಳ, ಪಕ್ಕದಲ್ಲಿ ಲಕ್ಷ್ಮೀ ಗುಡಿ, ಶಬರಿಯ ಗುಹೆ ಎಂದು ತೋರಿಸುವ ಜಾಗ. ದೊಡ್ಡ ಸರೋವರ ನೆನೆಸಿಕೊಂಡು ಬಂದರೆ ನಿರಾಸೆ. ಅರ್ಧ ತಾಸು ಧಾರಾಳ. ಮುಂದೆ ಗುಡ್ಡದ ಮೇಲೆ ದುರ್ಗಾ ಗುಡಿ, ಅದರಾಚೆ ಹಳೆಯ ಕೋಟೆಗೋಡೆ. ಜನ ಇದನ್ನು ವಾಲಿ ಕೋಟೆ ಎನ್ನುತ್ತಾರೆ. ಹೊತ್ತಿದ್ದರೆ ಹೋಗಿ. ಸಂಜೆ ಐದರ ನಂತರ ಬೇಡ, ಒಬ್ಬರೇ ಅಂತೂ ಬೇಡ.

6. ಊರೊಳಗೆ ಕಾಲ್ನಡಿಗೆ

ಹತ್ತು ಗಂಟೆಯ ಒಳಗೆ ಊರಿಗೆ ಬಂದರೆ ಎರಡು ತಾಸು ನೆಮ್ಮದಿಯಾಗಿ ಸಿಗುತ್ತದೆ. ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಆಮೇಲೆ ಬಂದರೆ ಹೊರಗಿನ ಕಂಬ ನೋಡಿ ಹೋಗಬೇಕು. ಹೆಚ್ಚಿನ ಪ್ರವಾಸಿಗಳು ಊರನ್ನು ಕಾರಿನ ಕಿಟಕಿಯಿಂದ ನೋಡಿ ಹೋಗುತ್ತಾರೆ. ಆನೆಗುಂದಿಯ ಸತ್ವ ಇರುವುದು ಗುಡ್ಡದಲ್ಲಲ್ಲ, ಈ ಓಣಿಗಳಲ್ಲಿ. ಪ್ರವೇಶ ಟಿಕೆಟ್ಟು ಎಂಬುದಿಲ್ಲ. ಜನ ಬದುಕುತ್ತಿರುವ ಊರು ಇದು.

ಗಾಡಿಯನ್ನು ಊರ ನಡುವಿನ ಚೌಕದ ಹೊರಗೆ ನಿಲ್ಲಿಸಿ. ಚೌಕದಲ್ಲಿ ಮೊದಲು ರಂಗನಾಥ ಗುಡಿ. ಎದುರಿಗೆ ಗಗನ್ ಮಹಲ್, ಕಮಾನಿನ ಕಿಟಕಿಗಳ ಹಳೆಯ ಅರಮನೆ ಕಟ್ಟಡ. ಹಂಪಿಯ ಕಮಲ ಮಹಲ್ ನೋಡಿದವರಿಗೆ ಕಮಾನುಗಳ ನಂಟು ಗುರುತು ಸಿಗುತ್ತದೆ. ಹೊರಗಿನಿಂದ ನೋಡಿ ಮುಂದೆ ಹೋಗಿ.

ಅಲ್ಲಿಂದ ಹೊಳೆಯ ಅಗಸಿಯ ಕಡೆ ನಡೆಯಿರಿ. ದಾರಿಯಲ್ಲಿ ಹುಚ್ಚಪ್ಪಯ್ಯನ ಮಠ. ತಪ್ಪಿಸಬಾರದ ಜಾಗ ಒಂದಿದ್ದರೆ ಇದು, ಹೆಚ್ಚು ಜನ ತಪ್ಪಿಸುವುದೂ ಇದನ್ನೇ. ಒಳಗಿನ ಕಂಬಗಳು ನುಣುಪಾದ ಕರಿಗಲ್ಲಿನವು, ತಿರುಗಣೆಗೆ ಕೊಟ್ಟಂತೆ ದುಂಡಗೆ ಕಡೆದವು. ಇದು ಕಲ್ಯಾಣ ಚಾಲುಕ್ಯರ ಕಾಲದ ಕೈಗುಣ. ವಿಜಯನಗರದವರು ಕಟ್ಟಿದ್ದು ಹೆಚ್ಚಾಗಿ ಒರಟು ಗ್ರಾನೈಟಿನಲ್ಲಿ. ಒಂದೇ ಊರಿನಲ್ಲಿ ಎರಡೂ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದರೆ ವಿಜಯನಗರ ಹುಟ್ಟಿದ 1336ಕ್ಕೂ ಮುಂಚೆಯೇ ಇಲ್ಲಿ ಊರಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಾಡಿನ ಕೆಳಗೆ ಹಳೆಯ ಬಣ್ಣದ ಚಿತ್ರಗಳ ಚೂರು ಉಳಿದಿವೆ. ಫ್ಲ್ಯಾಶ್ ಹೊಡೆಯಬೇಡಿ, ಟಾರ್ಚನ್ನು ಗೋಡೆಗೆ ತಿರುಗಿಸಿ ಅದರ ಮರುಬೆಳಕಲ್ಲಿ ನೋಡಿ.

ಓಣಿಗಳಲ್ಲಿ ಕಟ್ಟೆ, ಮರದ ಕಂಬ, ಮಣ್ಣಿನ ಮಾಳಿಗೆಯ ಮನೆಗಳು ಈಗಲೂ ಇವೆ. ತೆರೆದ ಬಾಗಿಲು ಕಂಡಿತೆಂದು ಒಳಗೆ ಕ್ಯಾಮೆರಾ ಹಿಡಿಯಬೇಡಿ, "ಅವ್ವಾ, ಒಂದು ಫೋಟೊ ತಗೀಲಾ?" ಎಂದು ಕೇಳಿದರೆ ಕಟ್ಟೆ ಮೇಲೆ ಕೂರಿಸಿ ನೀರು ಕೊಡುವವರೂ ಇದ್ದಾರೆ. ಬಾಳೆ ನಾರಿನ ಕೆಲಸ ಕೇಳಿ ನೋಡಿ. ಗೊನೆ ಕಡಿದ ಮೇಲೆ ಬಿಸಾಡುವ ದಿಂಡಿನ ಪದರ ಬಿಚ್ಚಿ, ಒಣಗಿಸಿ, ಹುರಿ ಹೊಸೆದು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. 1990ರ ದಶಕದ ಕೊನೆಯಿಂದ ಇಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಇದನ್ನು ಕಸುಬಾಗಿ ಕಲಿಸಿತು. ಕೊಳ್ಳುವಾಗ ಹುರಿ ಸರಿಯಾಗಿ ಒಣಗಿದೆಯೇ ನೋಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ.

ಊರ ಹೊರಗೆ ಗದ್ದೆ ಬದುವಿನ ದಾರಿಯಲ್ಲಿ ಒನಕೆ ಕಿಂಡಿ ಎಂಬ ಬಂಡೆಯ ಸಂದು ಇದೆ. ಅಲ್ಲಿ ಇತಿಹಾಸಪೂರ್ವ ಕಾಲದ ವರ್ಣಚಿತ್ರಗಳಿವೆ: ಗೂಳಿ, ಮನುಷ್ಯರು, ಒಂದು ದುಂಡು ಮಂಡಲದಂಥ ರಚನೆ. ಫಲಕ ನಂಬಿ ಹೋಗಬೇಡಿ, ಊರಿನ ಹುಡುಗರೊಬ್ಬರನ್ನು ಕರೆದುಕೊಂಡು ಹೋಗಿ. ಚಿತ್ರಕ್ಕೆ ನೀರು ಎರಚಿದರೆ ಬಣ್ಣ ಎದ್ದು ಕಾಣುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಎರಚಬೇಡಿ. ಸಾವಿರಾರು ವರ್ಷ ಉಳಿದದ್ದು ಇಂಥ ಉಪಕಾರದಿಂದಲೇ ಅಳಿಯುತ್ತದೆ.

ಊಟಕ್ಕೆ ಹೆಚ್ಚು ಆಯ್ಕೆಯಿಲ್ಲ. ಬೆಳಿಗ್ಗೆ ಮಂಡಾಳ (ಮಂಡಕ್ಕಿ) ಒಗ್ಗರಣೆ, ಮಿರ್ಚಿ, ಚಹಾ ಎಲ್ಲ ಕಡೆ ಸಿಗುತ್ತದೆ. ಮಧ್ಯಾಹ್ನದ ರೊಟ್ಟಿ ಊಟ ಬೇಕಾದರೆ ಬೆಳಿಗ್ಗೆಯೇ ಹೇಳಿಡಿ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಲೆಕ್ಕ ಹಾಕಿಯೇ ಮಾಡುತ್ತಾರೆ. ಹನ್ನೆರಡರಿಂದ ಮೂರರವರೆಗೆ ಉಂಡು ಒರಗಿ. ಆ ಹೊತ್ತಿನಲ್ಲಿ ಬಂಡೆಗಳ ನಡುವೆ ತಿರುಗುವುದು ಹಟ.

7. ಇಳಿಹೊತ್ತಿಗೆ ಹೊಳೆ ದಂಡೆ

ಮೂರೂವರೆಗೆ ಚಿಂತಾಮಣಿ. ಹೊಳೆಗೆ ಬಾಗಿದ ಬಂಡೆಗಳ ಅಡಿಯಲ್ಲಿ ಗುಹೆ, ಗುಡಿ, ಮಂಟಪ. ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದ ಎನ್ನುತ್ತಾರೆ. ನೀರು ಇಳಿದಿದ್ದರೆ ಹೊಳೆಯ ಬಂಡೆಗಳ ಮೇಲೆ 64 ಕಂಬದ ಮಂಟಪ ಕಾಣುತ್ತದೆ. ಇದು ಕೃಷ್ಣದೇವರಾಯನ ಸಮಾಧಿ ಎಂಬುದು ಊರಿನ ಮಾತು, ಶಾಸನದ ಮಾತಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ರಬ್ಬರು ಚಪ್ಪಲಿ ಜಾರುತ್ತದೆ.

ಈಜು ಬೇಡ. ತಿಳಿ ನೀರು ನೋಡಿ ಇಳಿಯುವವರಿಗೆ ಕಾಣದ್ದು ಬಂಡೆಗಳ ಅಡಿಯ ಸುಳಿ: ಹರಿವು ಎರಡು ಬಂಡೆಗಳ ನಡುವಿನ ಸಂದಿಗೆ ನುಗ್ಗುವಾಗ ಮೇಲ್ಮೈ ಶಾಂತವಾಗಿರುತ್ತದೆ, ಕೆಳಗೆ ಎಳೆಯುತ್ತಿರುತ್ತದೆ. ಚೆನ್ನಾಗಿ ಈಜು ಬರುವವರೂ ಇಲ್ಲಿ ಮುಳುಗಿ ಸತ್ತಿದ್ದಾರೆ. ಮೊಸಳೆಗಳೂ ಇವೆ.

ನವಬೃಂದಾವನ ನಡುಗಡ್ಡೆಯಲ್ಲಿದೆ, ಆನೆಗುಂದಿ ಕಡೆಯ ಘಾಟಿನಿಂದ ದೋಣಿ. ಒಂಬತ್ತು ಬೃಂದಾವನಗಳಲ್ಲಿ ನಡುವಿನದು ವ್ಯಾಸರಾಜರದು, ಉಳಿದವು ಸುತ್ತಲೂ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭ ತೀರ್ಥರು, ಮಂತ್ರಾಲಯದ ರಾಯರ ಗುರುಗಳಾದ ಸುಧೀಂದ್ರ ತೀರ್ಥರು ಇಲ್ಲಿದ್ದಾರೆ. ಸುತ್ತ ಗೆರೆ ಎಳೆದಿರುತ್ತಾರೆ; ಆ ಗೆರೆಯೊಳಗೆ ಕಾಲಿಡಬಾರದು, ಬೃಂದಾವನ ಮುಟ್ಟಬಾರದು. ಪಂಚೆ, ಸೀರೆ ಅಥವಾ ಮೈತುಂಬ ಬಟ್ಟೆ ಇರಲಿ, ಮೌನವಿರಲಿ. 2019ರ ಜುಲೈನಲ್ಲಿ ನಿಧಿಯಾಸೆಗೆ ವ್ಯಾಸರಾಜರ ಬೃಂದಾವನವನ್ನೇ ಕೆಡವಿದ್ದರು. ಭಕ್ತರು ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ಗಡ್ಡೆಯ ಮೇಲೆ ಕಂಡವರನ್ನು ಜನ ಅನುಮಾನದಿಂದ ನೋಡಿದರೆ ಬೇಸರಪಡಬೇಡಿ. ಆರಾಧನೆಯ ದಿನಗಳಲ್ಲಿ ಬಂದೋಬಸ್ತ್ ಇರುತ್ತದೆ, ದೋಣಿಗೆ ಸರದಿ ಉದ್ದ.

ಸೇವೆ, ಪೂಜೆಗೆಂದೇ ಬರುವವರು ಈ ಕ್ರಮವನ್ನು ತಿರುಗಿಸಿ: ಬೆಳಿಗ್ಗೆ ನವಬೃಂದಾವನ, ಇಳಿಹೊತ್ತಿಗೆ ಅಂಜನಾದ್ರಿ. ಎರಡನ್ನೂ ಬೆಳಿಗ್ಗೆಯೇ ಮುಗಿಸುತ್ತೇನೆ ಎಂದು ಹೊರಟವರು ಒಂದನ್ನೂ ಸಮಾಧಾನದಿಂದ ನೋಡಿರುವುದಿಲ್ಲ.

8. ರಾತ್ರಿ ಉಳಿಯುವವರಿಗೆ

ಊರಿನಲ್ಲಿ, ಸಾಣಾಪುರದ ಕಡೆ ಹೋಂಸ್ಟೇಗಳಿವೆ. ದುಡ್ಡು ಕಳಿಸುವ ಮುನ್ನ ಪರವಾನಗಿ ಇದೆಯೇ ಎಂದು ಕೇಳಿ. ಪರಂಪರೆ ಪ್ರದೇಶದಲ್ಲಿ ಅನುಮತಿಯಿಲ್ಲದವನ್ನು ಅಧಿಕಾರಿಗಳು ಮುಚ್ಚಿಸುತ್ತಾರೆ, ನಿಮ್ಮ ಮುಂಗಡ ಸಿಕ್ಕಿಕೊಳ್ಳುತ್ತದೆ. ಸಾಣಾಪುರ ಕೆರೆ ಎಡದಂಡೆ ಕಾಲುವೆಯ ನೀರು ಬಂದು ನಿಲ್ಲುವ ಜಾಗ. ಸೂರ್ಯ ಮುಳುಗುವಾಗ ದಂಡೆಯಿಂದ ನೋಡಿ, ನೀರಿಗೆ ಇಳಿಯಬೇಡಿ. ಕಾಲುವೆಯ ಸಿಮೆಂಟು ಇಳಿಜಾರಿಗೆ ಜಾರಿದರೆ ಹಿಡಿಯಲು ಏನೂ ಇಲ್ಲ. ಕತ್ತಲಾದ ಮೇಲೆ ಕಾಲುವೆ ದಂಡೆಯಲ್ಲಿ ಕೂರುವುದು, ನಿರ್ಜನ ಗುಡ್ಡದಲ್ಲಿ ನಕ್ಷತ್ರ ನೋಡುವುದು ಬಿಡಿ. ಊರಿಗೆ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಬಂದ ಬಸ್ಸಿನ ಕಂಡಕ್ಟರನ್ನೇ ಕೇಳಿಡುವುದು ಒಳ್ಳೆಯದು.

9. ಎರಡನೇ ದಿನ ಇದ್ದರೆ ಹಿರೇಬೆಣಕಲ್

ಗಂಗಾವತಿಯಿಂದ ಕೊಪ್ಪಳ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ಸಮಾಧಿಗಳು: ನಿಲ್ಲಿಸಿದ ಚಪ್ಪಡಿ, ಮೇಲೆ ಮುಚ್ಚಿದ ಚಪ್ಪಡಿ, ಎದುರಿನ ಕಲ್ಲಿಗೆ ದುಂಡು ಕಿಂಡಿ. ಜನ ಇವನ್ನು ಮೋರೇರ ಮನೆಗಳು ಎನ್ನುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಬಂಡೆಯೊಂದರ ಮೇಲೆ ನಗಾರಿಯಂಥ ಅರ್ಧಗೋಲದ ಕಲ್ಲಿದೆ, ಬಡಿದರೆ ದೂರಕ್ಕೆ ಸದ್ದು ಹೋಗುತ್ತದೆ. ಅದನ್ನು ಕಲ್ಲಿನಿಂದ ಕುಟ್ಟಬೇಡಿ.

ಕಾಲುದಾರಿ ಒಂದು ತಾಸಿನದು, ನೆರಳು ಕಡಿಮೆ, ಮೇಲೆ ಕುಡಿಯುವ ನೀರಿಲ್ಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಏಕೆಂದರೆ ಕುರಿಗಳ ದಾರಿ ಮತ್ತು ಸಮಾಧಿಯ ದಾರಿ ಎರಡೂ ಒಂದೇ ಥರ ಕಾಣುತ್ತವೆ. ಬೆಳಿಗ್ಗೆ ಏಳಕ್ಕೆ ಹತ್ತಲು ಶುರುಮಾಡಿ, ಹನ್ನೊಂದಕ್ಕೆ ಕೆಳಗಿರಿ. ಕಿಂಡಿಯೊಳಗೆ ತಲೆ ಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ. ತಂಪು ಹುಡುಕಿ ಹಾವು ಮಲಗಿರುತ್ತವೆ.